ಇಷ್ಟು ಸಣ್ಣ ಬದಲಾವಣೆಗೂ ಸಿ.ಆರ್. ಹಾಕಲೇಬೇಕೇ?

ಹೌದು, ಹಾಕಬೇಕು. ಅವಸರವಿರುವವರು ಇಲ್ಲಿಗೇ ನಿಲ್ಲಿಸಿ ತಮ್ಮ ಕೆಲಸಕ್ಕೆ ಹೋಗಬಹುದು.

ಬೆಂಗಳೂರಿನ ತಂತ್ರಾಂಶ ಸಂಸ್ಥೆಯೊಂದರಲ್ಲಿ 11 ವರ್ಷಗಳಿಂದ ಯೋಜನೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದೇನೆ. ಈ ಪ್ರಶ್ನೆಯನ್ನು ಗ್ರಾಹಕರು ಕೇಳಿದ್ದಾರೆ, ನಮ್ಮದೇ ಮಾರಾಟ ವಿಭಾಗದವರು ಕೇಳಿದ್ದಾರೆ, ಹೊಸದಾಗಿ ಸೇರಿದ ಹುಡುಗರು ಕೇಳಿದ್ದಾರೆ. ಮದುವೆಯೊಂದರಲ್ಲಿ ಪಕ್ಕದ ಎಲೆಗೆ ಕುಳಿತ ಸಂಬಂಧಿಕರೊಬ್ಬರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಕೇಳಿದ್ದಾರೆ. ಸಿ.ಆರ್. ಎಂದರೆ ಚೇಂಜ್ ರಿಕ್ವೆಸ್ಟ್, ಅಂದರೆ ಎರಡೂ ಕಡೆಯವರು ಒಪ್ಪಿಕೊಂಡ ಕೆಲಸಕ್ಕೆ ಏನನ್ನಾದರೂ ಸೇರಿಸಲು, ತೆಗೆಯಲು ಅಥವಾ ತಿದ್ದಲು ಸಲ್ಲಿಸುವ ಲಿಖಿತ ಕೋರಿಕೆ. ಅದನ್ನು ತಂತ್ರಾಂಶದಲ್ಲಿ ದಾಖಲಿಸಿದಾಗ (ಆ ದಾಖಲೆಯನ್ನೇ ಟಿಕೆಟ್ ಎನ್ನುತ್ತೇವೆ) ಅದಕ್ಕೊಂದು ಸಂಖ್ಯೆ ಸಿಗುತ್ತದೆ, ಕೇಳಿದವರ ಹೆಸರು ಉಳಿಯುತ್ತದೆ, ಒಪ್ಪಿದವರ ಹೆಸರೂ ಉಳಿಯುತ್ತದೆ. ಈ ಕೊನೆಯ ಎರಡು ಸಂಗತಿಗಳೇ ಬಹಳ ಜನರಿಗೆ ಬೇಡವಾಗಿರುವುದು ಎಂದು ನನಗೆ ಆಗಾಗ ಅನ್ನಿಸಿದೆ.

ನನ್ನನ್ನು ಕೆರಳಿಸುವುದು ಪ್ರಶ್ನೆಯಲ್ಲ, ಪ್ರಶ್ನೆಗೆ ಮುಂಚೆ ಬರುವ ‘ಬರೀ’ ಎಂಬ ಪದ. ಬರೀ ಒಂದು ಕಾಲಂ, ಬರೀ ಒಂದು ಬಟನ್, ಬರೀ ಅರ್ಧ ಗಂಟೆಯ ಕೆಲಸ. ಅರ್ಧ ಗಂಟೆಯ ಲೆಕ್ಕವನ್ನು ಹೇಳುವವರು ಯಾವತ್ತೂ ಆ ಕೆಲಸವನ್ನು ಮಾಡಬೇಕಾದವರಲ್ಲ. ‘ಬರೀ’ಯ ನಂತರ ತಪ್ಪದೆ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಬರುತ್ತದೆ. ನಮ್ಮ ಬಸ್ಸುಗಳಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದು ಕೂರುವುದೂ ಇದೇ ಮಾತಿನಿಂದ. ಒಪ್ಪಿಗೆ ಕೊಡುವವರು ಕಿಟಕಿಯ ಪಕ್ಕದವರು. ತುಮಕೂರಿನವರೆಗೆ ಒಂದು ಕಾಲನ್ನು ದಾರಿಯಲ್ಲಿ ಚಾಚಿ, ಅರ್ಧ ಮೈಯನ್ನು ಗಾಳಿಯಲ್ಲಿಟ್ಟು ಕೂರುವವರು ತುದಿಯವರು. ನಮ್ಮಲ್ಲಿ ಆ ತುದಿಯಲ್ಲಿ ಸಾಮಾನ್ಯವಾಗಿ ಕೂರುವುದು ತಂತ್ರಾಂಶವನ್ನು ಪರೀಕ್ಷಿಸುವ ತಂಡ.

ನಾನು ಹುಟ್ಟಿನಿಂದಲೇ ನಿಯಮನಿಷ್ಠನಲ್ಲ. ಕೆಲವು ವರ್ಷಗಳ ಹಿಂದೆ ಒಂದು ಪತ್ತಿನ ಸಹಕಾರ ಸಂಘಕ್ಕೆ ಲೆಕ್ಕಪತ್ರದ ತಂತ್ರಾಂಶವನ್ನು ಮಾಡಿಕೊಡುತ್ತಿದ್ದೆವು. ಸಂಘದ ಕಾರ್ಯದರ್ಶಿಗಳು ಒಂದು ಶನಿವಾರ ಸಂಜೆ ಫೋನ್ ಮಾಡಿ, ಪಾಸ್‌ಬುಕ್ಕಿನಲ್ಲಿ ಬಡ್ಡಿಯ ಮೊತ್ತ ಪೈಸೆಸಹಿತ ಬರುತ್ತಿರುವುದರಿಂದ ಸದಸ್ಯರು ಗೊಂದಲಪಡುತ್ತಿದ್ದಾರೆ, ಅದನ್ನು ಹತ್ತಿರದ ರೂಪಾಯಿಗೆ ತಂದುಬಿಡಿ, ಬರೀ ಪೈಸೆ ತೆಗೆಯುವುದಲ್ಲವೇ ಎಂದರು. ನನಗೂ ಹಾಗೆಯೇ ಕಂಡಿತು. ಮನೆಗೆ ಹೊರಟಿದ್ದ ಪ್ರೋಗ್ರಾಮರ್ ಹುಡುಗನನ್ನು ನಿಲ್ಲಿಸಿ, “ಇದೊಂದು ಮಾಡಿಬಿಡು ಮಾರಾಯ, ಟಿಕೆಟ್ ಸೋಮವಾರ ಹಾಕೋಣ” ಎಂದೆ. ಅವನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದ. ಆ ಸೋಮವಾರ ಇನ್ನೂ ಬಂದಿಲ್ಲ.

ಹುಡುಗ ಪಾಸ್‌ಬುಕ್ ಮುದ್ರಿಸುವಲ್ಲಿ ತಿದ್ದಿರಲಿಲ್ಲ, ಬಡ್ಡಿ ಲೆಕ್ಕ ಹಾಕುವಲ್ಲಿಯೇ ತಿದ್ದಿದ್ದ. ಯಾವುದನ್ನು ತಿದ್ದಬೇಕೆಂದು ನಾನು ಹೇಳಿರಲೂ ಇಲ್ಲ. ಹೀಗಾಗಿ ಪ್ರತಿ ಖಾತೆಗೂ ಪೂರ್ಣ ರೂಪಾಯಿಯ ಬಡ್ಡಿ ಜಮೆಯಾಯಿತು, ಆದರೆ ಸಾಮಾನ್ಯ ಖಾತಾಬಹಿಗೆ ಹೋಗುವ ಒಟ್ಟು ಬಡ್ಡಿಯನ್ನು ಬೇರೊಂದು ಕಡೆ ಪೈಸೆಸಹಿತ ಕೂಡಲಾಗುತ್ತಿತ್ತು. ಹತ್ತಿರದ ರೂಪಾಯಿಗೆ ತಂದಾಗ ಕೆಲವು ಖಾತೆಗಳಲ್ಲಿ ಪೈಸೆ ಏರುತ್ತದೆ, ಕೆಲವುಗಳಲ್ಲಿ ಇಳಿಯುತ್ತದೆ, ಹೆಚ್ಚುಕಡಿಮೆ ಸರಿಹೋಗುತ್ತದೆ. ಲೆಕ್ಕಪರಿಶೋಧಕರ ನಿಘಂಟಿನಲ್ಲಿ ಮಾತ್ರ ‘ಹೆಚ್ಚುಕಡಿಮೆ’ ಎಂಬ ಪದವಿಲ್ಲ. ತ್ರೈಮಾಸಿಕದ ಕೊನೆಯಲ್ಲಿ ತಾಳೆಪಟ್ಟಿಯಲ್ಲಿ 19 ರೂಪಾಯಿ 64 ಪೈಸೆ ವ್ಯತ್ಯಾಸ ಬಂತು. ಆ ಮೊತ್ತಕ್ಕಾಗಿ ಮೂವರು ನಾಲ್ಕು ದಿನ ಆರು ಸಾವಿರ ಖಾತೆಗಳನ್ನು ಜಾಲಾಡಿದೆವು. ಹುಡುಗ ಅಷ್ಟರಲ್ಲಿ ಬೇರೆ ಕಂಪನಿ ಸೇರಿದ್ದ. ನನಗೆ ಆ ಫೋನು ನೆನಪಾದದ್ದು ಮೂರನೆಯ ದಿನ. ಕಾರ್ಯದರ್ಶಿಗಳನ್ನು ಕೇಳಿದರೆ, “ನಾನು ಪಾಸ್‌ಬುಕ್ಕಿನಲ್ಲಿ ಮಾತ್ರ ಅಂದಿದ್ದೆ ಸರ್, ಲೆಕ್ಕದಲ್ಲಿ ಯಾರಾದರೂ ಪೈಸೆ ತೆಗೀತಾರಾ?” ಎಂದರು. ಅವರು ಹೇಳಿದ್ದು ನಿಜವೇ ಇರಬಹುದು. ನಾನು ಕೇಳಿಸಿಕೊಂಡದ್ದೂ ನಿಜವೇ ಇರಬಹುದು. ಇಬ್ಬರ ನಡುವೆ ಒಂದು ಸಾಲಿನ ಬರಹವೂ ಇರಲಿಲ್ಲ.

ಹತ್ತೊಂಬತ್ತು ರೂಪಾಯಿಗೆ ಇಷ್ಟು ಗೋಳೇ ಎನ್ನುವವರಿಗೆ ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲನ್ನು ನೆನಪಿಸುತ್ತೇನೆ. ಅಲ್ಲಿನ ಮೊಗಸಾಲೆಯಲ್ಲಿ ಎರಡನೆಯ ಮತ್ತು ನಾಲ್ಕನೆಯ ಮಹಡಿಯ ನಡಿಗೆ ಸೇತುವೆಗಳು ಒಂದರ ಕೆಳಗೆ ಒಂದರಂತೆ, ಚಾವಣಿಯಿಂದ ಇಳಿಬಿಟ್ಟ ಒಂದೇ ಉದ್ದನೆಯ ಉಕ್ಕಿನ ಸರಳುಗಳಿಗೆ ತೂಗಬೇಕೆಂದು ಮೂಲ ವಿನ್ಯಾಸವಿತ್ತು. ಅಷ್ಟು ಉದ್ದದ ಸರಳಿಗೆ ನಟ್ಟು ಕೂರಿಸುವ ತಿರುಪಿನ ಎಳೆ ಕೊರೆಯುವುದು ಕಷ್ಟವೆಂದು ಉಕ್ಕಿನ ಕೆಲಸದವರು ಅದನ್ನು ಎರಡು ತುಂಡಾಗಿಸಿದರು: ಮೇಲಿನ ಸೇತುವೆ ಚಾವಣಿಗೆ, ಕೆಳಗಿನ ಸೇತುವೆ ಮೇಲಿನ ಸೇತುವೆಗೆ. ನೋಡಲು ‘ಬರೀ’ ಒಂದು ಸರಳು ಎರಡಾಯಿತು. ಮೇಲಿನ ಸೇತುವೆಯ ತೊಲೆಯ ಕೆಳಗಿನ ನಟ್ಟಿನ ಮೇಲೆ ಬೀಳುವ ಭಾರ ಇಮ್ಮಡಿಯಾಯಿತು. ಮೂಲ ವಿನ್ಯಾಸವೇ ನಿಯಮ ಬೇಡುವಷ್ಟು ಗಟ್ಟಿಯಾಗಿರಲಿಲ್ಲ ಎಂಬುದು ಬೇರೆ ಮಾತು. 1981ರ ಜುಲೈ 17ರ ಸಂಜೆ, ಕೆಳಗೆ ನೃತ್ಯಕೂಟ ನಡೆಯುತ್ತಿದ್ದಾಗ ಎರಡೂ ಸೇತುವೆಗಳು ಕುಸಿದವು. 114 ಜನ ಸತ್ತರು. ವಿಚಾರಣೆಯಲ್ಲಿ ಉಕ್ಕಿನ ಕೆಲಸದವರು, ಈ ಬದಲಾವಣೆಗೆ ಫೋನಿನಲ್ಲಿ ಒಪ್ಪಿಗೆ ಕೇಳಿದ್ದೆವು ಎಂದರು. ಎಂಜಿನಿಯರುಗಳು, ಅಂಥ ಫೋನೇ ಬಂದಿರಲಿಲ್ಲ ಎಂದರು. ತಿದ್ದಿದ ನಕ್ಷೆಯ ಮೇಲೆ ಎಂಜಿನಿಯರರ ಮೊಹರು ಮಾತ್ರ ಇತ್ತು, ಸರಳು ತೊಲೆಗೆ ಸೇರುವ ಜೋಡಣೆ ಎಷ್ಟು ಭಾರ ತಡೆಯುತ್ತದೆಂಬ ಲೆಕ್ಕವನ್ನು ಯಾರೂ ಹಾಕಿರಲಿಲ್ಲ.

ಇನ್ನು ನನ್ನ ಕಡೆಯ ತಪ್ಪೊಪ್ಪಿಗೆ. ಆ ತ್ರೈಮಾಸಿಕದ ನಂತರ ನಾನು ಟಿಕೆಟ್ಟುಗಳನ್ನು ದಾಖಲಿಸುವ ತಂತ್ರಾಂಶವಾದ ಜಿರಾದಲ್ಲಿ 23 ಖಾನೆಗಳ ಒಂದು ಸಿ.ಆರ್. ನಮೂನೆಯನ್ನು ಸಿದ್ಧಪಡಿಸಿದೆ, ಎಲ್ಲವೂ ಕಡ್ಡಾಯ. ಜಿರಾ ಎಂಬ ಹೆಸರು ಬಂದಿರುವುದು ಗಾಡ್ಜಿಲಾ ರಾಕ್ಷಸನ ಜಪಾನಿ ಹೆಸರಾದ ‘ಗೊಜಿರಾ’ದ ತಲೆ ಕತ್ತರಿಸಿ, ನನ್ನ ನಮೂನೆ ಆ ತಲೆಯನ್ನು ಮರಳಿ ಅಂಟಿಸಿತು. ಜನ 17 ಖಾನೆಗಳಲ್ಲಿ ‘ಅನ್ವಯಿಸುವುದಿಲ್ಲ’ ಎಂದು ತುಂಬಿದರು, ಉಳಿದವುಗಳಲ್ಲಿ ಚುಕ್ಕಿ ಇಟ್ಟರು. ಈಗ ಐದೇ ಖಾನೆಗಳಿವೆ: ಏನು ಬೇಕು, ಏಕೆ ಬೇಕು, ಯಾವುದಕ್ಕೆಲ್ಲ ತಾಗುತ್ತದೆ, ಎಷ್ಟು ದಿನ ಹಿಡಿಯುತ್ತದೆ, ಯಾರು ಒಪ್ಪಿದರು. ಮೊದಲೆರಡನ್ನು ಕೇಳುವವರು ತುಂಬಿದರೆ ಸಾಕು, ನಡುವಿನ ಎರಡು ನಮ್ಮ ಕೆಲಸ. ಐ.ಟಿ. ಸೇವೆಗಳ ನಿರ್ವಹಣೆಗೆಂದು ರೂಪಿಸಿದ ಐ.ಟಿ.ಐ.ಎಲ್. ಪದ್ಧತಿಯೂ ಎಲ್ಲ ಬದಲಾವಣೆಗಳನ್ನು ಒಂದೇ ಬಾಗಿಲಿನಲ್ಲಿ ತೂರಿಸುವುದಿಲ್ಲ. ದಿನನಿತ್ಯದ, ಅಪಾಯ ಗೊತ್ತಿರುವ ಬದಲಾವಣೆಗಳಿಗೆ ಮೊದಲೇ ಒಪ್ಪಿಗೆ ಇರುತ್ತದೆ. ತುರ್ತಿನದಕ್ಕೆ ಬೇಗ ಮುಗಿಯುವ ದಾರಿಯಿದ್ದು, ವಿವರವಾದ ಬರವಣಿಗೆ ಆಮೇಲೆ ನಡೆಯುತ್ತದೆ. ಸರ್ವರ್ ಬಿದ್ದಾಗ ನಮೂನೆ ತುಂಬಿ ಎಂದು ನಾನು ಯಾರಿಗೂ ಹೇಳಿಲ್ಲ. ಹೇಳಿದ್ದೇನೆ ಎಂದು ಕಚೇರಿಯಲ್ಲಿ ಹಬ್ಬಿರುವ ಕಥೆ ಸುಳ್ಳು.

ನನ್ನನ್ನು ಇಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ: ತಿರಸ್ಕರಿಸಿದ ಕೋರಿಕೆಗಳನ್ನು ಏನು ಮಾಡುತ್ತೀರಿ? ಕೇಳಿದ್ದರೆ ಸಂತೋಷದಿಂದ ಒಂದು ಗಂಟೆ ಮಾತಾಡುತ್ತಿದ್ದೆ. ಒಪ್ಪಿದ ಬದಲಾವಣೆ ಹೇಗೂ ತಂತ್ರಾಂಶದಲ್ಲಿ ಕಾಣುತ್ತದೆ. ಅದರಿಂದ ವೇಳಾಪಟ್ಟಿ ಎಷ್ಟು ಜಾರಿತೆಂದು ನೋಡಲು ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಒಂದೇ ಯೋಜನೆಗೆ ವೇಳಾಪಟ್ಟಿಯ ಅಂದಂದಿನ ಪ್ರತಿಗಳನ್ನು, ಅಂದರೆ 11 ಬೇಸ್‌ಲೈನ್‌ಗಳನ್ನು ಉಳಿಸಿಡಬಹುದು. ಆದರೆ ‘ಬೇಡ’ ಎಂದು ನಿರ್ಧರಿಸಿದ್ದು ಎಲ್ಲಿಯೂ ಕಾಣುವುದಿಲ್ಲ. ಬರೆದಿಡದಿದ್ದರೆ, ಪ್ರತಿ ಹೊಸ ಅಧಿಕಾರಿಯ ತಲೆಯಲ್ಲಿಯೂ ಅದು ಹೊಸ ಆಲೋಚನೆಯಾಗಿ ಹುಟ್ಟಿ ಬರುತ್ತದೆ. ಆದ್ದರಿಂದ ನಮ್ಮಲ್ಲಿ ತಿರಸ್ಕೃತ ಟಿಕೆಟ್ಟುಗಳನ್ನು ಅಳಿಸುವ ಅನುಮತಿ ಯಾರಿಗೂ ಇಲ್ಲ, ನನಗೂ ಇಲ್ಲ. ಕಾರಣವನ್ನು ಬರೆಯದೆ ಟಿಕೆಟ್ಟನ್ನು ಆ ಸ್ಥಿತಿಗೆ ತರಲು ತಂತ್ರಾಂಶವೇ ಬಿಡುವುದಿಲ್ಲ. ‘ಸೂಕ್ತವಲ್ಲ’ ಎಂದಷ್ಟೇ ಬರೆದವರಿಗೆ ನಾನು ಅದನ್ನು ವಾಪಸು ಕಳಿಸುತ್ತೇನೆ.

ಆ ಸಹಕಾರ ಸಂಘದ ಬದಲಾವಣೆಯನ್ನು ಹಿಂದಕ್ಕೆ ತೆಗೆದ ದಿನ ಅದಕ್ಕೂ ತಡವಾಗಿ ಒಂದು ಟಿಕೆಟ್ ಹಾಕಿ, ನನ್ನ ತಪ್ಪನ್ನೂ ಸೇರಿಸಿ ಆರು ಸಾಲಿನ ಕಾರಣ ಬರೆದು, ತಿರಸ್ಕೃತ ಎಂದು ಮುಚ್ಚಿದ್ದೆ. ಎರಡು ವರ್ಷಗಳ ನಂತರ ಅಲ್ಲಿಗೆ ಬಂದ ಹೊಸ ಕಾರ್ಯದರ್ಶಿಗಳು ಫೋನ್ ಮಾಡಿ, ಬಡ್ಡಿಯಲ್ಲಿ ಬರೀ ಪೈಸೆ ತೆಗೆದುಕೊಡಿ ಎಂದರು. ನಾನು ಏನೂ ವಾದಿಸದೆ ಆ ಟಿಕೆಟ್ಟನ್ನು ಕಳಿಸಿದೆ. ಮರುದಿನ ಅವರೇ ಒಂದು ಕೋರಿಕೆಯನ್ನು ಸಲ್ಲಿಸಿದ್ದರು: ಪಾಸ್‌ಬುಕ್ ಮುದ್ರಣದಲ್ಲಿ ಮಾತ್ರ ಪೂರ್ಣ ರೂಪಾಯಿ ತೋರಿಸುವುದು, ಲೆಕ್ಕ ಹಾಗೆಯೇ ಇರಲಿ. ‘ಯಾವುದಕ್ಕೆಲ್ಲ ತಾಗುತ್ತದೆ’ ಎಂಬ ಖಾನೆ ಅವರು ತುಂಬಬೇಕಾದದ್ದಲ್ಲ. ಆದರೂ ಅಲ್ಲಿ ಹಳೆಯ ಟಿಕೆಟ್ಟಿನ ಸಂಖ್ಯೆಯನ್ನು ನಮೂದಿಸಿದ್ದರು. ಗ್ರಾಹಕರೊಬ್ಬರು ತಾವಾಗಿಯೇ ಒಂದು ಟಿಕೆಟ್ಟಿಗೆ ಇನ್ನೊಂದರ ಕೊಂಡಿ ಹಾಕಿದ್ದನ್ನು ನಾನು ಕಂಡಿರುವುದು ಅದೊಂದೇ ಸಲ.