ಕಕ್ಕಡ ಹದಿನೆಂಟಕ್ಕೆ ಎಷ್ಟು ಅಂಕ: ದಕ್ಷಿಣ ಕೊಡಗಿನಲ್ಲಿ ಒಂದು ನೆನಪಿನ ಪರೀಕ್ಷೆಯ ಕೆಲಸ

ಜುಲೈ ಎರಡನೆಯ ವಾರ

ಡಿಮೆನ್ಶಿಯಾ, ಅಂದರೆ ಮರೆಗುಳಿತನದ ಕಾಯಿಲೆಯ ಕುರಿತು ಅಧ್ಯಯನ ನಡೆಸುವ ಬೆಂಗಳೂರಿನ ನರವಿಜ್ಞಾನ ಪ್ರಯೋಗಾಲಯವೊಂದರಲ್ಲಿ ನಾನು ಸಂಶೋಧನಾ ಸಹಾಯಕಿ. ನಮ್ಮ ನೆನಪಿನ ಪರೀಕ್ಷೆಯ ಪ್ರಶ್ನೆಗಳು ಗೋಣಿಕೊಪ್ಪಲು ಮತ್ತು ಪೊನ್ನಂಪೇಟೆ ಸುತ್ತಲಿನ ಹಿರಿಯರಿಗೆ ಹೊಂದುತ್ತವೆಯೇ ಎಂದು ನೋಡಿ, ಹೊಂದದ ಕಡೆ ತಿದ್ದುಪಡಿ ಸೂಚಿಸುವುದು ಈ ಮಳೆಗಾಲದಲ್ಲಿ ನನಗೆ ವಹಿಸಿರುವ ಕೆಲಸ. ನಾನು ಈ ಕಡೆಯವಳೇ ಆದ್ದರಿಂದ ಕೊಡವ ತಕ್ಕ್ ಬರುತ್ತದೆ, ಅರೆಭಾಷೆ ಅರ್ಥವಾಗುತ್ತದೆ.

1975ರಲ್ಲಿ ಪ್ರಕಟವಾದ, ನೆನಪು ಮತ್ತು ಯೋಚನಾಶಕ್ತಿಯನ್ನು ಅಳೆಯುವ 30 ಅಂಕಗಳ ಎಂಎಂಎಸ್ಇ ಪರೀಕ್ಷೆ ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು, ಒಂದು ವಾಕ್ಯ ಬರೆಯಬೇಕು, ಬರೆದದ್ದನ್ನು ಓದಿ ಅದರಂತೆ ಮಾಡಬೇಕು. ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಅಜ್ಜಿ ಮಿದುಳಿನಲ್ಲಿ ಯಾವ ರೋಗವೂ ಇಲ್ಲದೆ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಬ್‌ಗಢದ ಹಳ್ಳಿಗಳಿಗಾಗಿ ಹಿಂದಿ ರೂಪವೊಂದನ್ನು ಸಿದ್ಧಪಡಿಸಿದ್ದು ಇದೇ ಕಾರಣಕ್ಕೆ. ಹಾಗಾಗಿ ಓದುಬರಹ ಬೇಡುವ ಪ್ರಶ್ನೆಗಳನ್ನು ನಾವು ಮೊದಲೇ ಕೈಬಿಟ್ಟಿದ್ದೆವು. ಉಳಿದದ್ದೆಲ್ಲ ಸರಿಯಿದೆ ಎಂದು ನಾನು ನಂಬಿದ್ದೆ.

ಜುಲೈ 24

ಆ ನಂಬಿಕೆಯನ್ನು ಮಳೆ ಕೆಡಿಸಿತು. ಹತ್ತು ಪದಗಳನ್ನು ಹೇಳಿ, ಮೂರು ಸುತ್ತು ಕಲಿಸಿ, ಸ್ವಲ್ಪ ಹೊತ್ತಿನ ನಂತರ ಎಷ್ಟು ನೆನಪಿವೆ ಎಂದು ಕೇಳುವುದು ಪರೀಕ್ಷೆಯ ತಿರುಳು. ಡಿಮೆನ್ಶಿಯಾಕ್ಕೆ ಮುಖ್ಯ ಕಾರಣವಾದ ಆಲ್ಝೈಮರ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮಿದುಳಿನಲ್ಲಿ ಹೊಸ ನೆನಪು ಕೂಡಿಡುವ ಹಿಪ್ಪೊಕ್ಯಾಂಪಸ್ ಮತ್ತು ಅದಕ್ಕೆ ಅಂಟಿಕೊಂಡ ಭಾಗ ಮೊದಲು ಪೆಟ್ಟು ತಿನ್ನುವುದರಿಂದ, ಈಗಷ್ಟೇ ಕೇಳಿದ್ದನ್ನು ಉಳಿಸಿಕೊಳ್ಳುವ ಶಕ್ತಿಯೇ ಮೊದಲು ಕುಂದುತ್ತದೆ. ಆದರೆ ತಗಡಿನ ಮಾಡಿನ ಜಗಲಿಯಲ್ಲಿ, ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಳೆಯ ಸದ್ದಿನಲ್ಲಿ, ಎಂಬತ್ತು ದಾಟಿದ ಒಬ್ಬ ಅಜ್ಜಯ್ಯನವರಿಗೆ ನನ್ನ ಅರ್ಧದಷ್ಟು ಪದಗಳು ಕೇಳಿಸಿಯೇ ಇರಲಿಲ್ಲ. ಕಿವಿಗೆ ಬೀಳದ ಪದವನ್ನು ಮರೆತರೆಂದು ನಾನು ಬರೆದುಕೊಂಡಿದ್ದೆ. ಮಧ್ಯಾಹ್ನ ಅವರ ಸೊಸೆ ಕಾಫಿ ಕೊಡುತ್ತ, "ಮಾವನಿಗೆ ಎಡಗಿವಿ ಕೇಳುವುದಿಲ್ಲ, ನೀವು ಆ ಕಡೆಯೇ ಕೂತಿದ್ದಿರಿ" ಎಂದಾಗ ನನಗೆ ಬಹಳ ನಾಚಿಕೆಯಾಯಿತು.

ಆ ಹಾಳೆಯನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಗುರುತು ಮಾಡಿದೆ. ಈಗ ಒಳಕೋಣೆಯಲ್ಲಿ ಕೂತು, ಪ್ರತಿ ಪದವನ್ನೂ ಹಿರಿಯರು ತಿರುಗಿ ಹೇಳಿದ ಮೇಲೆಯೇ ಮುಂದಿನದಕ್ಕೆ ಹೋಗುತ್ತೇನೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ಪಟ್ಟಿ ಮಾಡಿದ, ಡಿಮೆನ್ಶಿಯಾದ ತಡೆಯಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಕಿವುಡುತನವೂ ಒಂದಾಗಿರುವುದರಿಂದ ಕಿವಿಯ ಪರೀಕ್ಷೆಯನ್ನು ಹೇಗೂ ಮಾಡಲೇಬೇಕಿತ್ತು; ಅದನ್ನು ಕೊನೆಯಿಂದ ಮೊದಲಿಗೆ ತಂದಿದ್ದೇವೆ.

ಇನ್ನೊಂದು ಸಣ್ಣ ತಿದ್ದುಪಡಿ. ಮನೆಯವರ ಸಂದರ್ಶನದಲ್ಲಿ ಒಬ್ಬರು ತಮ್ಮ "ತಾಯಿ"ಗೂ ಮುಪ್ಪಿನಲ್ಲಿ ಹೀಗೆಯೇ ಮರೆವು ಬಂದಿತ್ತೆಂದರು. ಧ್ವನಿಮುದ್ರಣವನ್ನು ಬೆಂಗಳೂರಿನಲ್ಲಿ ಬರಹಕ್ಕಿಳಿಸಿದವರು ಅಮ್ಮ ಎಂದು ದಾಖಲಿಸಿದ್ದರು. ಕೊಡವರ ಮಾತಿನಲ್ಲಿ ಅಮ್ಮನಿಗೆ ಅವ್ವ ಎನ್ನುತ್ತಾರೆ; ತಾಯಿ ಎಂದರೆ ಅಜ್ಜಿ. ಕುಟುಂಬದ ಇತಿಹಾಸದಲ್ಲಿ ಒಂದು ತಲೆಮಾರೇ ಅದಲುಬದಲಾಗಿತ್ತು.

ಆಗಸ್ಟ್ 3 ಮತ್ತು 5

ದಿನಾಂಕ, ವಾರ, ತಿಂಗಳು, ಋತು, ವರ್ಷ ಇವುಗಳಿಗೆ ತಲಾ ಒಂದು ಅಂಕ. "ಅಜ್ಜಿ, ಇವತ್ತು ಎಷ್ಟನೆಯ ತಾರೀಖು?" ಎಂದು ಕೇಳಿದಾಗ, ಎದುರಿದ್ದ ಅಜ್ಜಿ ತಡವರಿಸದೆ "ಕಕ್ಕಡ ಪದಿನೆಟ್ಟ್" (ಕಕ್ಕಡ ಹದಿನೆಂಟು) ಎಂದರು. ಇಂಗ್ಲಿಷ್ ತಿಂಗಳು ಯಾವುದೆಂದು ಕೇಳಿದರೆ ಸುಮ್ಮನಾದರು. ನಿಯಮದಂತೆ ದಿನಾಂಕಕ್ಕೂ ತಿಂಗಳಿಗೂ ಸೊನ್ನೆ ಹಾಕಬೇಕು. ಆದರೆ ಆಗಸ್ಟ್ 3 ಕಕ್ಕಡದ ಹದಿನೆಂಟನೆಯ ದಿನವೇ ಆಗಿರುವಾಗ ಆ ಉತ್ತರ ತಪ್ಪಾಗುವುದಾದರೂ ಹೇಗೆ?

ನನಗಿದ್ದ ಅನುಮಾನ ಬೇರೆ. ಅಂದು ಮನೆಮನೆಯಲ್ಲೂ ಮದ್ದುಸೊಪ್ಪಿನ ಪಾಯಸ. ಅಡುಗೆಮನೆಯಿಂದ ಅದರ ಪರಿಮಳ ಬರುತ್ತಿರುವಾಗ ದಿನ ಯಾವುದೆಂದು ನೆನಪಿಟ್ಟುಕೊಳ್ಳಬೇಕಾಗಿಲ್ಲ, ಮೂಗೇ ಹೇಳುತ್ತದೆ. ಆದ್ದರಿಂದ ಎರಡು ದಿನ ಬಿಟ್ಟು, ಯಾವ ಹಬ್ಬವೂ ಇಲ್ಲದ 5ರಂದು ಮತ್ತೆ ಹೋಗಿ ಕೇಳಿದೆ. "ಕಕ್ಕಡ ಇಪ್ಪತ್ತು" ಎಂದರು. ನಾನು ಗೋಡೆಯ ಕ್ಯಾಲೆಂಡರ್ ನೋಡಲೆಂದು ತಿರುಗಿದರೆ, ಅಲ್ಲಿ ಹಾಳೆ ಇನ್ನೂ ಜೂನ್‌ನಲ್ಲೇ ಇತ್ತು. ಅವರು ದಿನಗಳನ್ನು ಎಣಿಸುತ್ತಿದ್ದದ್ದು ಮನಸ್ಸಿನಲ್ಲಿಯೇ.

ಪ್ರಯೋಗಾಲಯದ ಹಿರಿಯರೊಂದಿಗೆ ಫೋನಿನಲ್ಲಿ ದೀರ್ಘವಾಗಿ ಚರ್ಚಿಸಿದ ಮೇಲೆ ಹೀಗೆ ತೀರ್ಮಾನವಾಯಿತು: ಹಿರಿಯರು ಹೇಳಿದ ಮಾತನ್ನು ಇದ್ದಂತೆಯೇ ಬರೆದುಕೊಳ್ಳುವುದು, ಪಕ್ಕದಲ್ಲಿ ಅದಕ್ಕೆ ಸಮನಾದ ಇಂಗ್ಲಿಷ್ ದಿನಾಂಕವನ್ನು ಬರೆಯುವುದು, ಮತ್ತು ಪರಸ್ಪರರ ಅಂಕ ತಿಳಿಯದ ಇಬ್ಬರಿಂದ ಪ್ರತ್ಯೇಕವಾಗಿ ಅಂಕ ಹಾಕಿಸುವುದು.

ಆಗಸ್ಟ್ ಕೊನೆಯ ವಾರ

ಪದಗಳಿಗಿಂತ ರಕ್ತದ ಕೆಲಸ ಸುಲಭವೆಂದು ಭಾವಿಸಿದ್ದೆ. ಆಲ್ಝೈಮರ್ ಕಾಯಿಲೆಯ ಸುಳಿವು ಕೊಡುವ, ಟೌ ಪ್ರೋಟೀನಿನ ಪಿ-ಟೌ 217 ಎಂಬ ರೂಪವನ್ನು ಈಗ ರಕ್ತದಲ್ಲಿಯೇ ಅಳೆಯಬಹುದು. ಆದರೆ ತೆಗೆದ ರಕ್ತವನ್ನು ಬೇಗ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಪ್ಲಾಸ್ಮಾ ಬೇರ್ಪಡಿಸಿ ಹೆಪ್ಪುಗಟ್ಟಿಸಬೇಕು. ರೈಲು ಇಲ್ಲದ ಈ ಜಿಲ್ಲೆಯಿಂದ ಅದು ಡ್ರೈ ಐಸ್‌ನಲ್ಲಿ ರಸ್ತೆಯ ಮೂಲಕವೇ ಬೆಂಗಳೂರಿಗೆ ಹೋಗಬೇಕು. ಮರ ಬಿದ್ದು ಕರೆಂಟ್ ಹೋದ ದಿನ ಎರಡು ಕೊಳವೆಗಳು ವ್ಯರ್ಥವಾದವು. ತೋಳು ಚಾಚಿ ಕೊಟ್ಟವರ ಮುಖ ನೆನಪಾಗಿ ಅಂದು ರಾತ್ರಿ ನಿದ್ದೆ ಬರಲಿಲ್ಲ. ಬ್ಯಾಟರಿಯ ಬೆಂಬಲವಿಲ್ಲದೆ ಇನ್ನು ಯಾರಿಗೂ ಸೂಜಿ ಚುಚ್ಚುವುದಿಲ್ಲ ಎಂದು ನಿಯಮಪುಸ್ತಕದಲ್ಲಿ ಬರೆಸಿದ್ದೇನೆ.

ಸೆಪ್ಟೆಂಬರ್ ಮೊದಲ ವಾರ

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೆಲಸ ನಿಲ್ಲಿಸಿದ್ದೆವು. ಸುಗ್ಗಿ ಹಬ್ಬವಾದ ಪುತ್ತರಿ ಕಳೆದು ಕಾಫಿ ಕುಯ್ಲು ಬಿರುಸಾದರೆ ಯಾವ ಮನೆಯಲ್ಲೂ ನಮ್ಮ ಜೊತೆ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ. ಅಷ್ಟರೊಳಗೆ ಎರಡನೆಯ ಸುತ್ತು ಮುಗಿಯಬೇಕು. ಸಂಜೆ ತೋಟದ ರಸ್ತೆಗೆ ಆನೆ ಇಳಿಯುವುದರಿಂದ ಭೇಟಿಗಳನ್ನು ನಾಲ್ಕು ಗಂಟೆಗೆ ಮುಗಿಸುತ್ತೇವೆ. ಇಬ್ಬರೂ ಅಂಕ ಹಾಕಬೇಕಾದ ಹಾಳೆಗಳ ಮೊದಲ ಕಟ್ಟನ್ನು ಸೋಮವಾರ ಕಳುಹಿಸುತ್ತೇನೆ. ಕಕ್ಕಡ ಎಣಿಸಿದ ಅಜ್ಜಿಯ ಎರಡೂ ದಿನದ ಹಾಳೆಗಳು ಅದರಲ್ಲಿವೆ. ಅಂಕದ ಜಾಗವನ್ನು ಖಾಲಿ ಬಿಟ್ಟಿದ್ದೇನೆ.