ಮಾದಬಾದ ಅಜ್ಜಿ ಮತ್ತು ಯೊರ್ದನ್ ಹೊಳೆ

ಜೋರ್ಡಾನ್ ದೇಶದ ಅಮ್ಮಾನ್ ವಿಮಾನ ನಿಲ್ದಾಣದಲ್ಲಿ ನನ್ನ ಬ್ಯಾಗ್ ಬಂತು, ಅವ್ವನದು ಬರಲಿಲ್ಲ. ಅವಳ ಸೀರೆ, ಶಾಲು, ಕನ್ನಡ ಬೈಬಲ್ ಎಲ್ಲ ಅದರಲ್ಲೇ ಇದ್ದವು.

ಮಾದಬಾ ತಲುಪಿದಾಗ ರಾತ್ರಿಯಾಗಿತ್ತು. ಬೈಬಲ್ಲಿನಲ್ಲಿ ಮೇದೆಬಾ ಅಂತ ಬರುವ ಊರು ಇದೇ. ನಾವು ಕೋಣೆ ಹಿಡಿದಿದ್ದು ಅಲ್ಲಿನ ಒಂದು ಕ್ರೈಸ್ತ ಕುಟುಂಬದ ಮಹಡಿಯಲ್ಲಿ. ಮನೆಯ ಅಜ್ಜಿ ಊಟ ಬಿಸಿ ಇಟ್ಟುಕೊಂಡು ಕಾಯುತ್ತಿದ್ದರು. ಮೊಮ್ಮಗ ಬ್ಯಾಗಿನ ವಿಷಯ ಹೇಳಿದ್ದೇ ತಡ, ಒಳಗೆ ಹೋಗಿ ತಮ್ಮದೇ ಒಂದು ಉದ್ದನೆಯ ಕರಿ ನಿಲುವಂಗಿ ತಂದು ಅವ್ವನ ಕೈಗಿಟ್ಟರು. "ಉಖ್ತಿ" ಅಂದರು. ಅಕ್ಕನಿಗೂ ತಂಗಿಗೂ ಅದೇ ಮಾತು.

ಎದೆಯ ಮೇಲೆಲ್ಲ ಕೆಂಪು ದಾರದ ಕಸೂತಿ. ಧಾರವಾಡದವಳಾದ ಅವ್ವ ಸುಮ್ನೆ ಬಿಡ್ತಾಳಾ? ಬಟ್ಟೆ ತಿರುವಿ ಹಿಂಬದಿಯ ಹೊಲಿಗೆ ನೋಡಿದಳು. ಆಮೇಲೆ ಅಜ್ಜಿಯ ಕಡೆ ನೋಡಿ ತಲೆಯಾಡಿಸಿದಳು. ಮರುದಿನ ಅದನ್ನೇ ತೊಟ್ಟುಕೊಂಡು ಹೊರಟಳು. ಮದುವೆಯಾದ ಮೇಲೆ ಸೀರೆ ಬಿಟ್ಟು ಬೇರೇನೂ ಉಟ್ಟವಳಲ್ಲ.

ಮೊದಲು ಸೇಂಟ್ ಜಾರ್ಜ್ ಚರ್ಚು. ನೆಲದ ಮೇಲೆ 6ನೇ ಶತಮಾನದ ನಕ್ಷೆ ಇದೆ, ಬಣ್ಣಬಣ್ಣದ ಸಣ್ಣ ಕಲ್ಲುಗಳಲ್ಲಿ ಮಾಡಿದ್ದು. ಜೆರುಸಲೇಮಿನ ಬೀದಿ, ಬಾಗಿಲು ಎಲ್ಲ ಕಾಣುತ್ತವೆ. ನನಗೆ ಹಿಡಿಸಿದ್ದು ಒಂದು ಮೀನು. ಯೊರ್ದನ್ ಹೊಳೆಯ ಜೊತೆ ಮೃತ ಸಮುದ್ರದ ತನಕ ಬಂದು, ಉಪ್ಪು ನೀರಿಗೆ ಹೆದರಿ ವಾಪಸ್ ಈಜುತ್ತಿದೆ!

ಅಲ್ಲಿಂದ ನೆಬೋ ಬೆಟ್ಟ ಹತ್ತಿರವೇ. ಇಸ್ರಾಯೇಲರನ್ನು ಈಜಿಪ್ಟಿನಿಂದ ನಡೆಸಿಕೊಂಡು ಬಂದ ಮೋಶೆ, ದೇವರು ಅವರಿಗೆ ಕೊಡುತ್ತೇನೆಂದ ವಾಗ್ದತ್ತ ದೇಶವನ್ನು ಕಣ್ಣಾರೆ ನೋಡಿ, ಅಲ್ಲಿಗೆ ಕಾಲಿಡದೆ ಸತ್ತ ಜಾಗ. ಆ ದಿನ ಮಬ್ಬು ಜಾಸ್ತಿ ಇತ್ತು. ಆದರೂ ಕೆಳಗೆ ಮೃತ ಸಮುದ್ರ ಬೆಳ್ಳಗೆ ಮಿನುಗುತ್ತಿತ್ತು. "ನಲವತ್ತು ವರ್ಷ ನಡಸಿದವಗ ಇಷ್ಟ ಸಿಕ್ಕಿತು" ಅಂದಳು ಅವ್ವ. ಬಹಳ ಹೊತ್ತು ಅಲ್ಲಿಂದ ಏಳಲಿಲ್ಲ.

ಮಧ್ಯಾಹ್ನ ಅಲ್ ಮಗ್ತಾಸ್. ಯೇಸು ದೀಕ್ಷಾಸ್ನಾನ ಪಡೆದ ಜಾಗ ಇದೇ ಎಂದು ತುಂಬ ಹಿಂದಿನಿಂದ ಯಾತ್ರಿಕರು ಬರುತ್ತಿದ್ದಾರೆ. 2015ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಹಳೆಯ ಚರ್ಚುಗಳ ಅವಶೇಷ ದಾಟಿ ಮೆಟ್ಟಿಲಿಳಿದರೆ ಯೊರ್ದನ್ ಹೊಳೆ. ಕೆಸರು ಬಣ್ಣದ ನೀರು. ಆಚೆ ದಡ ಕೆಲವೇ ಮೀಟರ್ ದೂರ. ಅಲ್ಲಿ ಬಿಳಿ ಅಂಗಿ ತೊಟ್ಟವರು ಹಾಡುತ್ತಾ ಮುಳುಗೇಳುತ್ತಿದ್ದರು. ಗಡಿ ಮಾತ್ರ ನೀರಿನ ನಡುವೆ.

"ಇದು ನಮ್ಮೂರ ಹಳ್ಳದಷ್ಟ ಐತಲ್ಲೋ" ಅಂದಳು ಅವ್ವ. ಸುತ್ತಲಿನ ದೇಶಗಳು ಮೇಲ್ಭಾಗದಲ್ಲೇ ನೀರು ತಿರುಗಿಸಿಕೊಂಡು ಹೊಳೆ ಸೊರಗಿದೆ ಎಂದು ವಿವರಿಸಲು ಹೊರಟೆ. ಅಷ್ಟರಲ್ಲಿ ಅವಳೇ, "ನಾಮಾನನೂ ಹಿಂಗ ಅಂದಿದ್ದ, ನೋಡು" ಎಂದಳು. ನಾಮಾನ ಅಂದರೆ ಬೈಬಲ್ಲಿನಲ್ಲಿ ಬರುವ ಸಿರಿಯಾದ ಸೇನಾಪತಿ. ದಮಸ್ಕದ ಹೊಳೆಗಳು ಇದಕ್ಕಿಂತ ಚೆಂದ ಅಂದವನು, ಕಡೆಗೆ ಇದರಲ್ಲೇ ಏಳು ಸಲ ಮುಳುಗಿ ಕುಷ್ಠ ಕಳೆದುಕೊಂಡ. ಅವ್ವ ಅಂಗಿಯ ಅಂಚು ಎತ್ತಿಕೊಂಡು ನೀರಿಗಿಳಿದಳು. ನಾನು ಅವಳ ಕೈ ಹಿಡಿದಿದ್ದೆ. ಅವಳು ನಡುಗುತ್ತಿದ್ದಳು.

ರಾತ್ರಿ ಅಜ್ಜಿ ಮನ್ಸಫ್ ಮಾಡಿದ್ದರು. ಅನ್ನದ ಮೇಲೆ ಕುರಿ ಮಾಂಸ, ಅದರ ಮೇಲೆ ಒಣಗಿಸಿದ ಮೊಸರಿನ ಹುಳಿ ಸಾರು. ಊಟಕ್ಕೆ ಮೊದಲು ಅಜ್ಜಿ ಕಣ್ಣುಮುಚ್ಚಿ, "ಅಬಾನಾ ಅಲ್ಲದೀ..." ಎಂದು ಶುರು ಮಾಡಿದರು. ಅವ್ವನಿಗೆ ಅದು ಯಾವ ಪ್ರಾರ್ಥನೆ ಅಂತ ಹೇಗೆ ತಿಳಿಯಿತೋ! "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಜೊತೆಗೂಡಿದಳು. ಇಬ್ಬರೂ ಹೆಚ್ಚುಕಮ್ಮಿ ಒಟ್ಟಿಗೇ ಮುಗಿಸಿದರು. ಆಮೆನ್ ಮಾತ್ರ ಒಂದೇ.

ಅಲ್ಲಿ ಏಲಕ್ಕಿ ಹಾಕಿದ ಅರಬಿ ಕಾಫಿಯನ್ನು ಪುಟ್ಟ ಬಟ್ಟಲಿಗೆ ಹಾಕುತ್ತಲೇ ಇರುತ್ತಾರೆ. ಸಾಕು ಅನ್ನಲು ಬಟ್ಟಲು ಅಲ್ಲಾಡಿಸಬೇಕು. ಇದು ಗೊತ್ತಿಲ್ಲದೆ ಮೊದಲ ರಾತ್ರಿ ಅವ್ವ ಐದು ಸಲ ಕುಡಿದಿದ್ದಳು. ಹೊರಡುವ ಬೆಳಿಗ್ಗೆ ಗೊತ್ತಿದ್ದೂ ಅಲ್ಲಾಡಿಸಲಿಲ್ಲ. ಅಜ್ಜಿ ಹಾಕುತ್ತಲೇ ಇದ್ದರು. ಟ್ಯಾಕ್ಸಿಯವನು ಎರಡು ಸಲ ಹಾರ್ನ್ ಹೊಡೆದ.