ಕಿಕ್ ಡ್ರಮ್ಮಿಗೆ ಯಾವ ಮೈಕ್?

ಮೈಕಿನ ಹೆಸರು ಕೇಳುವ ಮೊದಲು ಕಾಲಲ್ಲಿ ಬಾರಿಸುವ ಈ ದೊಡ್ಡ ಡ್ರಮ್ಮಿನ ಮುಂದಿನ ಹೆಡ್‌ನಲ್ಲಿ (ಬಿಗಿದ ಹೊದಿಕೆಯಲ್ಲಿ) ತೂತು ಇದೆಯಾ ನೋಡಿ. ಅರ್ಧ ಉತ್ತರ ಅಲ್ಲೇ ಇದೆ.

ತೂತಿದ್ದರೆ ಶೂರ್ ಬೀಟಾ 52ಎ ಅಥವಾ ಆಡಿಕ್ಸ್ ಡಿ6 ಒಳಗೆ ಇಡಬಹುದು. ಎರಡೂ ಈಕ್ಯೂ (ಸದ್ದಿನ ತಳ-ನಡು-ಮೇಲಿನ ಸ್ವರಗಳ ಹೊಂದಾಣಿಕೆ) ಮಾಡಿಕೊಂಡೇ ಹುಟ್ಟಿದಂಥವು: ತಳ ಉಬ್ಬು, ನಡು ತಗ್ಗು, 4-5 ಕಿಲೋಹರ್ಟ್ಜ್ ಸುತ್ತ ಮತ್ತೆ ಏರು. ಮೆಟಲ್ ಸಂಗೀತಕ್ಕೆ ಹೇಳಿ ಮಾಡಿಸಿದ್ದು. ತೂತಿಲ್ಲದ, ಗುಂಯ್‌ಗುಡುವ ಜಾಝ್ ಕಿಕ್ಕಿಗೆ ಮಾತ್ರ ಇವು ಅತಿಯಾಯಿತು. ಅಲ್ಲಿ ಎಲೆಕ್ಟ್ರೋ-ವಾಯ್ಸ್ ಆರ್‌ಇ20ಯಂಥ, ಉಬ್ಬು-ತಗ್ಗಿಲ್ಲದ ಸಪಾಟಾದ ಮೈಕೇ ವಾಸಿ.

ಮೈಕನ್ನು ಬೀಟರಿನಿಂದ (ಪೆಡಲ್ ತುಳಿದಾಗ ಹೆಡ್ಡಿಗೆ ಬಡಿಯುವ ಸುತ್ತಿಗೆ) ನಾಲ್ಕೈದು ಇಂಚು ದೂರದಲ್ಲಿಟ್ಟರೆ 'ಟಕ್' ಜಾಸ್ತಿ, ಹಿಂದೆ ಸರಿಸಿದಷ್ಟೂ 'ಧಂ'. ಸರಿಯಾಗಿ ತೂತಿನ ಬಾಯಿಗೇ ಇಟ್ಟರೆ ಗಾಳಿ ನೇರ ಮೈಕಿನೊಳಗಿನ ತೆಳು ಪರದೆಗೆ (ಡಯಾಫ್ರಮ್) ಬಡಿದು ಸದ್ದು ಒಡೆಯುತ್ತದೆ. ಸ್ವಲ್ಪ ಓರೆ ಮಾಡಿ.

ಒಳಗೆ ದಿಂಬಿನ ಮೇಲೆ ಶೂರ್ ಬೀಟಾ 91ಎ ಮೈಕ್ ಕೂಡ ಸೇರಿಸುವುದಾದರೆ ಫ್ಯಾಂಟಮ್ ಪವರ್ (ಮಿಕ್ಸರಿನಿಂದ ಕೇಬಲ್ ಮೂಲಕ ಮೈಕಿಗೆ ಹೋಗುವ ವಿದ್ಯುತ್) ಮರೆಯಬೇಡಿ, ಅದು ವಿದ್ಯುತ್ ಬೇಕಾದ ಕಂಡೆನ್ಸರ್ ಮೈಕ್. ಎರಡೂ ಮೈಕುಗಳನ್ನು ಒಟ್ಟಿಗೆ ಕೇಳುತ್ತಾ ಒಂದರ ಪೊಲಾರಿಟಿ (ಸಿಗ್ನಲ್ಲಿನ ಧನ-ಋಣ) ತಿರುಗಿಸಿ ನೋಡಿ, ತಳ ತುಂಬಿ ಬರುವ ಕಡೆ ಬಿಡಿ.

ಮೈಕ್ ಬದಲಿಸಲು ದುಡ್ಡಿಗಾಗಿ ಪರದಾಡುತ್ತೇವೆ. ಫೆಲ್ಟ್ ಬೀಟರ್ ತೆಗೆದು ಮರದ್ದು ಹಾಕಲು ಯಾಕೋ ಸೋಮಾರಿತನ. 'ಟಕ್' ಸಾಲದು ಅನ್ನುವವರು ಮೊದಲು ಅದನ್ನೇ ಮಾಡಿ ನೋಡಬಹುದು.